ಸೊಟ್ಟ ಕ್ಯಾರೆಟ್ಟನ್ನು ಕೊಳೆತ ಹಣ್ಣಿನ ಜೊತೆ ಇಡಬೇಡಿ: ಸೂಪರ್‌ಮಾರ್ಕೆಟ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸೂಪರ್‌ಮಾರ್ಕೆಟ್‌ಗಳ ಆಡಳಿತದವರು ಮತ್ತು ಹಣ್ಣು ತರಕಾರಿ ಖರೀದಿ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಾನು ನಿಮ್ಮಂಥ ದೊಡ್ಡ ಅಂಗಡಿಗಳಲ್ಲಿ ಹಲವು ವರ್ಷಗಳಿಂದ ಹಣ್ಣು ತರಕಾರಿ ಕೊಳ್ಳುತ್ತಿರುವವಳು. ಅದರಲ್ಲೂ ಬೆಲೆ ಇಳಿಸಿ ಇಟ್ಟ ಬುಟ್ಟಿಯ ಕಡೆ ಮೊದಲು ಹೋಗುವವಳು. ದುಡ್ಡು ಉಳಿಯುತ್ತದೆ ಎನ್ನುವುದು ಒಂದು ಕಾರಣ. ತಿನ್ನುವ ಪದಾರ್ಥ ಕಸಕ್ಕೆ ಹೋಗುವುದನ್ನು ನೋಡಲು ಆಗುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಈ ಪತ್ರ ಯಾವುದೋ ಒಂದು ಅಂಗಡಿಯ ಮೇಲಿನ ದೂರಲ್ಲ. ಹೋದಲ್ಲೆಲ್ಲ ಕಂಡ ಒಂದು ಪದ್ಧತಿಯ ಬಗ್ಗೆ ಬರೆಯುತ್ತಿದ್ದೇನೆ. ಅದನ್ನು ಬದಲಾಯಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಆ ಬುಟ್ಟಿಯ ವಿಷಯ. ಅದು ಸಾಮಾನ್ಯವಾಗಿ ಅಂಗಡಿಯ ತೀರಾ ಹಿಂದೆ, ನೆಲ ಒರೆಸುವ ದ್ರಾವಣದ ಬಾಟಲಿಗಳ ಪಕ್ಕ ಎಲ್ಲೋ ಇರುತ್ತದೆ. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತದೆ. ಅದರೊಳಗೆ ಎರಡು ಕಾಲು ಮೂಡಿದ ಒಂದು ಕ್ಯಾರೆಟ್ ಇರುತ್ತದೆ. ಮುರಿದರೆ ಟಪ್ ಎನ್ನುವಷ್ಟು ಗಟ್ಟಿ, ನಿನ್ನೆ ಮೊನ್ನೆ ಕಿತ್ತ ಹಾಗಿರುತ್ತದೆ. ಅದರ ಪಕ್ಕದಲ್ಲಿ ಇವತ್ತು ಅಥವಾ ನಾಳೆಯೊಳಗೆ ಬಳಸಲೇಬೇಕಾದಷ್ಟು ಹಣ್ಣಾದ ಟೊಮೆಟೊ. ಅದರ ಕೆಳಗೆ ಬೂಸ್ಟು ಹಿಡಿದ ಒಂದು ಕಿತ್ತಳೆ. ಅದರ ಹಸಿರು ಪುಡಿ ಸುತ್ತಲಿನ ಎಲ್ಲದಕ್ಕೂ ಮೆತ್ತಿಕೊಂಡಿರುತ್ತದೆ. ಮೂರಕ್ಕೂ ಒಂದೇ ಬಣ್ಣದ ಚೀಟಿ. ಮೂರಕ್ಕೂ ಒಂದೇ ರಿಯಾಯಿತಿ.

ನನ್ನ ದೂರಿನ ತಿರುಳು ಇಷ್ಟೇ. ಆಕಾರ ಸರಿಯಿಲ್ಲದ್ದು ಬೇರೆ, ದಿನ ತುಂಬುತ್ತಾ ಬಂದದ್ದು ಬೇರೆ, ಕೆಟ್ಟದ್ದು ಬೇರೆ. ಮೊದಲನೆಯದಕ್ಕೆ ಏನೂ ಆಗಿಲ್ಲ, ಅದು ಉಳಿದೆಲ್ಲದರಷ್ಟೇ ದಿನ ಇರುತ್ತದೆ. ಎರಡನೆಯದಕ್ಕೆ ಆತುರ ಇದೆ, ಬೇಗ ಯಾರದಾದರೂ ಅಡುಗೆಮನೆ ಸೇರಬೇಕು. ಮೂರನೆಯದು ಮಾರುವ ವಸ್ತುವೇ ಅಲ್ಲ, ಗೊಬ್ಬರಕ್ಕೆ ಹೋಗಬೇಕು. ಈ ಮೂರನ್ನೂ ಒಂದೇ ಬುಟ್ಟಿಗೆ ಸುರಿದು ನೀವು ಗ್ರಾಹಕರಿಗೆ ಒಂದು ಪಾಠ ಕಲಿಸುತ್ತಿದ್ದೀರಿ. ಸೊಟ್ಟಗಿದ್ದರೆ ಕೊಳೆತಿರುತ್ತದೆ, ಅಗ್ಗ ಅಂದರೆ ಕೆಟ್ಟದ್ದು ಅನ್ನುವ ಪಾಠ ಅದು. ಆ ಬುಟ್ಟಿಗೆ ಕೈ ಹಾಕಿ ಬೆರಳಿಗೆ ಕೊಳೆತ ರಸ ಅಂಟಿಸಿಕೊಂಡ ಹೆಂಗಸು ಮುಂದಿನ ಸಲ ಅತ್ತ ತಿರುಗಿಯೂ ನೋಡುವುದಿಲ್ಲ. ಆಮೇಲೆ ನೀವು ಹೇಳುತ್ತೀರಿ, 'ಜನ ಚೆಂದ ಇಲ್ಲದ್ದನ್ನು ಕೊಳ್ಳುವುದಿಲ್ಲ' ಅಂತ. ಕೊಳ್ಳುವ ಹಾಗೆ ಇಟ್ಟರೆ ತಾನೇ ಕೊಳ್ಳುವುದು?

ಕ್ಯಾರೆಟ್ಟಿಗೆ ಎರಡು ಕಾಲು ಯಾಕೆ ಬರುತ್ತದೆ ಎನ್ನುವುದು ರೈತರಿಗೆ ಗೊತ್ತು, ನಿಮ್ಮ ಖರೀದಿ ವಿಭಾಗಕ್ಕೂ ಗೊತ್ತಿರಲೇಬೇಕು. ಬೇರು ಕೆಳಗಿಳಿಯುವಾಗ ತುದಿಗೆ ಒಂದು ಕಲ್ಲು ಸಿಕ್ಕರೆ, ಅಥವಾ ತುದಿಗೆ ಪೆಟ್ಟಾದರೆ ಅದು ಕವಲೊಡೆಯುತ್ತದೆ. ಅಷ್ಟೇ. ಸೌತೆಕಾಯಿ ಬಾಗುವುದು ಪರಾಗಸ್ಪರ್ಶ ಎಲ್ಲ ಕಡೆ ಸಮನಾಗಿ ಆಗದಿದ್ದಾಗ, ಇಲ್ಲವೇ ನೀರು ಹೆಚ್ಚುಕಮ್ಮಿ ಆದಾಗ. ಒಣಗಿದ ನೆಲಕ್ಕೆ ಒಮ್ಮೆಗೇ ಜಾಸ್ತಿ ನೀರು ಬಿದ್ದರೆ ಆಲೂಗಡ್ಡೆ ಮತ್ತೆ ಬೆಳೆಯಲು ಶುರುಮಾಡಿ ಮೈತುಂಬ ಗುಬಟು ಮೂಡಿಸಿಕೊಳ್ಳುತ್ತದೆ. ಹೂ ಬಿಡುವ ಹೊತ್ತಿಗೆ ಚಳಿ ಹೆಚ್ಚಿದರೆ ಟೊಮೆಟೊದ ತಳದಲ್ಲಿ ಮಡಿಕೆ ಬೀಳುತ್ತದೆ, ಗಾಯ ಮಾಗಿದ ಹಾಗೆ ಕಂದು ಗೆರೆ ಉಳಿಯುತ್ತದೆ. ಸೇಬಿನ ಸಿಪ್ಪೆ ಒರಟಾಗಿ ಕಂದುಬಣ್ಣಕ್ಕೆ ತಿರುಗುವುದು ಕಾಯಿ ಎಳೆಯದಾಗಿದ್ದಾಗ ಬಿದ್ದ ಹಿಮ ಅಥವಾ ತೇವದಿಂದ. ಎಳೆಗಾಯಿಗೆ ಆಲಿಕಲ್ಲು ಹೊಡೆದ ಗುರುತು ಹಣ್ಣಾಗುವ ಹೊತ್ತಿಗೆ ಒಣಗಿ ಗಟ್ಟಿಯಾಗಿರುತ್ತದೆ. ಇದ್ಯಾವುದೂ ರೋಗವಲ್ಲ. ಯಾವುದರಿಂದಲೂ ರುಚಿ ಕೆಡುವುದಿಲ್ಲ. ಅವು ಬೆಳೆದ ಹವಾಮಾನದ ಗುರುತುಗಳು. ಹವಾಮಾನ ಅಂಕೆ ತಪ್ಪುತ್ತಿರುವ ಕಾಲದಲ್ಲಿ ಇಂಥ ಗುರುತುಗಳು ಹೆಚ್ಚುತ್ತವೆಯೇ ಹೊರತು ಕಡಿಮೆ ಆಗುವುದಿಲ್ಲ.

ಹಾಗಂತ ಎಲ್ಲವನ್ನೂ ಮಾರಿ ಎಂದು ನಾನು ಹೇಳುತ್ತಿಲ್ಲ. ಬಿಸಿಲು ಬೆಳಕು ತಾಗಿ ಹಸಿರಾದ ಆಲೂಗಡ್ಡೆ ನನಗೆ ಬೇಡ. ಅದರಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುವ ಸಾಧ್ಯತೆ ಇದೆ, ಬೇಯಿಸಿದರೂ ಹೋಗುವುದಿಲ್ಲ. ಮೆತ್ತಗಾಗಿ ನೀರು ಬಿಟ್ಟ ಸೊಪ್ಪು, ಬೂಸ್ಟು ಹಿಡಿದ ಹಣ್ಣು, ಈಗಷ್ಟೇ ಒಡೆದು ಒಳಗಿನ ತಿರುಳು ತೆರೆದುಕೊಂಡ ಟೊಮೆಟೊ, ಇವನ್ನು ತೆಗೆಯಲೇಬೇಕು. ಆದರೆ ಬಾಡಿದ ಕ್ಯಾರೆಟ್ ನೀರು ಕಳೆದುಕೊಂಡಿರುತ್ತದೆ, ಕೆಟ್ಟಿರುವುದಿಲ್ಲ. ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಮತ್ತೆ ಬಿರುಸಾಗುತ್ತದೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡಿದ ಬಾಳೆಹಣ್ಣಿನಲ್ಲಿ ಪಿಷ್ಟದ ಬಹುಪಾಲು ಸಕ್ಕರೆಯಾಗಿರುತ್ತದೆ, ಅದು ಚುಕ್ಕೆಯಿಲ್ಲದ್ದಕ್ಕಿಂತ ಸಿಹಿ. ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳದಷ್ಟು ದಡ್ಡರಲ್ಲ ನಿಮ್ಮ ಗ್ರಾಹಕರು. ಆದರೆ ಅದನ್ನು ತಿಳಿಸುವ ಒಂದು ಸಾಲಿನ ಬೋರ್ಡನ್ನೂ ನಾನು ನಿಮ್ಮ ಅಂಗಡಿಗಳಲ್ಲಿ ಕಂಡಿಲ್ಲ.

'ನಿಯಮ ಹಾಗಿದೆ' ಎಂಬ ಉತ್ತರ ನನಗೆ ಸಿಕ್ಕಿದೆ. ಯಾವ ನಿಯಮ ಎಂದು ಕೇಳಿದರೆ ಹೇಳುವವರಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರೂಪಿಸುವ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡಗಳಲ್ಲಿ ಹಣ್ಣು ತರಕಾರಿಗೆ ಸಾಮಾನ್ಯವಾಗಿ ಮೂರು ದರ್ಜೆ ಇರುತ್ತವೆ: ಎಕ್ಸ್‌ಟ್ರಾ, ಒಂದನೆಯದು, ಎರಡನೆಯದು. ಮೂರಕ್ಕೂ ಬೇಕಾದ ಕನಿಷ್ಠ ಅರ್ಹತೆ ಒಂದೇ. ಕೊಳೆತಿರಬಾರದು, ಸ್ವಚ್ಛವಾಗಿರಬೇಕು, ತಿನ್ನಲು ಯೋಗ್ಯವಾಗಿರಬೇಕು. ಎರಡನೇ ದರ್ಜೆಯಲ್ಲಿ ಆಕಾರ, ಬಣ್ಣ, ಸಿಪ್ಪೆಯ ಕೊರತೆಗಳಿಗೆ ಅವಕಾಶ ಇದೆ. ಅಂದರೆ ನಿಯಮ ಮಾಡಿದವರೇ ಸೊಟ್ಟ ತರಕಾರಿಗೆ ಒಂದು ಜಾಗ ಬಿಟ್ಟಿದ್ದಾರೆ. ಜಾಗ ಕೊಡದಿರುವುದು ನಿಮ್ಮ ಕಪಾಟು.

ಯುರೋಪಿನ ಸೌತೆಕಾಯಿ ಕತೆ ನಿಮಗೆ ಗೊತ್ತಿರುತ್ತದೆ. 1988ರಲ್ಲಿ ಅಲ್ಲಿ ಒಂದು ನಿಯಮ ಬಂತು. ಮೇಲ್ದರ್ಜೆಯ ಸೌತೆಕಾಯಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿರಬಾರದು ಎಂದು. ನೇರವಾಗಿದ್ದರೆ ಪೆಟ್ಟಿಗೆಯಲ್ಲಿ ಜೋಡಿಸುವುದು ಸುಲಭ. ರುಚಿಗೂ ಆರೋಗ್ಯಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. 2009ರ ಜುಲೈ 1ರಿಂದ ಸೌತೆಕಾಯಿಯೂ ಸೇರಿದಂತೆ 26 ಬಗೆಯ ಹಣ್ಣು ತರಕಾರಿಗಳ ಆಕಾರ ಗಾತ್ರದ ನಿಯಮಗಳನ್ನು ಯುರೋಪಿಯನ್ ಒಕ್ಕೂಟ ತೆಗೆದುಹಾಕಿತು. ಸೇಬು, ಟೊಮೆಟೊ, ಸ್ಟ್ರಾಬೆರಿ ಮುಂತಾದ 10 ಬಗೆಗೆ ಮಾತ್ರ ನಿಯಮ ಉಳಿಯಿತು. ಅವನ್ನೂ ಬೇರೆ ಚೀಟಿ ಹಚ್ಚಿ ಮಾರಲು ದೇಶಗಳಿಗೆ ದಾರಿ ಬಿಟ್ಟಿತು. ಆದರೂ ಅಂಗಡಿಗಳಲ್ಲಿ ಸೌತೆಕಾಯಿ ನೇರವಾಗಿಯೇ ಉಳಿಯಿತು. ಯಾಕೆಂದರೆ ಸರ್ಕಾರದ ನಿಯಮ ಹೋದರೂ ದೊಡ್ಡ ಅಂಗಡಿಗಳ ಖರೀದಿ ಕರಾರು ಹೋಗಲಿಲ್ಲ. ಇಷ್ಟು ಉದ್ದ, ಇಷ್ಟು ದಪ್ಪ, ಇಂಥದೇ ಬಣ್ಣ ಎಂದು ನೀವು ರೈತರಿಗೆ ಕೊಡುವ ಪಟ್ಟಿಯೇ ಈಗ ನಿಜವಾದ ಕಾನೂನು.

ಆ ಪಟ್ಟಿಯ ಬೆಲೆ ತೆರುವವರು ಯಾರು? ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ನೋಟ ಸರಿಯಿಲ್ಲ ಎನ್ನುವ ಕಾರಣಕ್ಕೆ ಯುರೋಪಿನಲ್ಲಿ ವರ್ಷಕ್ಕೆ 5 ಕೋಟಿ ಟನ್‌ಗೂ ಹೆಚ್ಚು ಹಣ್ಣು ತರಕಾರಿ ವ್ಯರ್ಥವಾಗುತ್ತಿರಬಹುದು ಎಂದು. ಬೆಳೆದದ್ದರಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ. ಇದರಲ್ಲಿ ಎಷ್ಟೋ ನಿಮ್ಮ ಅಂಗಡಿಯ ಬಾಗಿಲಿಗೂ ಬರುವುದಿಲ್ಲ, ಆದ್ದರಿಂದ ನಿಮ್ಮ ಕಸದ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಹೊಲದಲ್ಲೇ ಉಳಿಯುತ್ತದೆ. ಕಿತ್ತರೆ ಕೂಲಿ ದಂಡ, ಬಿಟ್ಟರೆ ಬೆಳೆ ದಂಡ. ಕರಾರಿನ ಪ್ರಮಾಣ ತಪ್ಪಬಾರದು ಎಂಬ ಭಯಕ್ಕೆ ಬೆಳೆಗಾರರು ಬೇಕಾದ್ದಕ್ಕಿಂತ ಹೆಚ್ಚು ಬಿತ್ತುತ್ತಾರೆ. ಆ ಹೆಚ್ಚಿನ ನೆಲ, ನೀರು, ಗೊಬ್ಬರ, ಬೆವರು ಎಲ್ಲ ಒಂದು ನೇರ ಗೆರೆಗಾಗಿ ಹೋಗುತ್ತದೆ. ಮನುಷ್ಯರು ನದಿ ಕೆರೆ ಅಂತರ್ಜಲದಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು 70 ಶೇಕಡಾ ಕೃಷಿಗೇ ಹೋಗುವ ಜಗತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು 'ಜನ ಕೊಳ್ಳುವುದಿಲ್ಲ' ಎಂಬ ಮಾತಿಗೆ ಬರುತ್ತೇನೆ. ಇದರಲ್ಲಿ ಸ್ವಲ್ಪ ನಿಜ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದೇ ಬೆಲೆಗೆ ಒಂದೇ ರಾಶಿಯಲ್ಲಿ ಇಟ್ಟರೆ ಕೈ ಚೆಂದದ ಸೇಬಿನ ಕಡೆಗೇ ಹೋಗುತ್ತದೆ. ಸೊಟ್ಟ ಹಣ್ಣು ಕೊಳ್ಳುವುದೆಂದರೆ ತಾವೇ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ ಕೆಲವರಿಗೆ ಅನಿಸುತ್ತದೆ ಎಂದು 2019ರ ಒಂದು ಮಾರುಕಟ್ಟೆ ಅಧ್ಯಯನ ತೋರಿಸಿದೆ. ಆದರೆ ಅಂಗಡಿ ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. ಫ್ರಾನ್ಸಿನ ಇಂಟರ್‌ಮಾರ್ಷೆ ಎಂಬ ಅಂಗಡಿ ಸಮೂಹ 2014ರಲ್ಲಿ ಸೊಟ್ಟ ಹಣ್ಣು ತರಕಾರಿಗೆ ಅವುಗಳದ್ದೇ ಸಾಲು ಕೊಟ್ಟಿತು. ಅವುಗಳ ದೊಡ್ಡ ದೊಡ್ಡ ಚಿತ್ರ ಹಾಕಿತು. ಬೆಲೆಯಲ್ಲಿ 30 ಶೇಕಡಾ ಇಳಿಸಿತು. ಅದೇ ತರಕಾರಿಯ ಸೂಪು, ಅದೇ ಹಣ್ಣಿನ ರಸ ಮಾಡಿ ರುಚಿ ನೋಡಲು ಕೊಟ್ಟಿತು. ಜನ ಕೊಂಡರು. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಫ್ರುಟಾ ಫೇಯಾ ಎಂಬ ಸಹಕಾರ ಸಂಘ ಶುರುವಾಯಿತು. ಅದು ರೈತರಿಂದ ನೇರವಾಗಿ ಇಂಥ ಹಣ್ಣು ತರಕಾರಿ ಕೊಂಡು ಬುಟ್ಟಿ ಲೆಕ್ಕದಲ್ಲಿ ಸದಸ್ಯರಿಗೆ ಮಾರುತ್ತದೆ.

2021ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನ ನಿಮ್ಮ ಮಾರಾಟ ವಿಭಾಗ ಓದಲೇಬೇಕಾದದ್ದು. ಇದು ನೋಡಲು ಚೆಂದ ಇಲ್ಲ ಎಂದು ಬೋರ್ಡಿನಲ್ಲಿ ನೇರವಾಗಿ ಬರೆದಾಗ ಜನ ಹೆಚ್ಚು ಕೊಂಡರು. ಕೊರತೆ ನೋಟದಲ್ಲಿ ಮಾತ್ರ, ರುಚಿಯಲ್ಲಿ ಅಲ್ಲ ಎಂದು ಅವರಿಗೆ ಅದರಿಂದ ಸ್ಪಷ್ಟವಾಯಿತು. ಇನ್ನೊಂದು ಮಾತನ್ನೂ ಅವರು ಕಂಡುಕೊಂಡರು. ಬೆಲೆ ತೀರಾ ಇಳಿಸಿದಾಗ ಅಲ್ಲ, ಸಾಧಾರಣವಾಗಿ ಇಳಿಸಿದಾಗ ಈ ಬೋರ್ಡು ಹೆಚ್ಚು ಕೆಲಸ ಮಾಡಿತು. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಏನೋ ದೋಷ ಇರಬೇಕು ಎಂದು ಅನುಮಾನ ಬರುವುದು ಸಹಜ ಅಲ್ವಾ? ಹಾಗಾಗಿ ಸೊಟ್ಟ ಕ್ಯಾರೆಟ್ಟನ್ನು ಬಿಟ್ಟಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಮರ್ಯಾದೆಯ ಬೆಲೆಗೆ, ಮರ್ಯಾದೆಯ ಜಾಗದಲ್ಲಿ ಮಾರಿ ಎಂದು ಕೇಳುತ್ತಿದ್ದೇನೆ. ಆ ಬೆಲೆಯಲ್ಲಿ ರೈತರ ಪಾಲು ಇರಬೇಕು. ರಿಯಾಯಿತಿ ನಿಮ್ಮ ಹೆಸರಿನಲ್ಲಿ, ನಷ್ಟ ಅವರ ಹೆಸರಿನಲ್ಲಿ ಆಗಬಾರದು.

ದಿನ ತುಂಬುತ್ತಿರುವ ಪದಾರ್ಥದ ವಿಷಯ ಬೇರೆ. ಅಲ್ಲಿ ನನ್ನ ತಕರಾರು ಬೆಲೆಯ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ. ನಾನು ನೋಡಿದ ಕಡೆಯೆಲ್ಲ ಬೆಲೆ ಇಳಿಸುವ ಚೀಟಿ ಬೀಳುವುದು ಅಂಗಡಿ ಮುಚ್ಚಲು ಸ್ವಲ್ಪವೇ ಹೊತ್ತಿರುವಾಗ. ಆಗ ಅಂಗಡಿಯಲ್ಲಿ ಇರುವವರು ಎಷ್ಟು ಜನ? ಚಿಕ್ಕ ಮಕ್ಕಳಿರುವವರು, ವಯಸ್ಸಾದವರು, ದೂರದಿಂದ ಬಸ್ಸಿನಲ್ಲಿ ಬರುವವರು ಯಾರೂ ಇರುವುದಿಲ್ಲ. ರಿಯಾಯಿತಿ ಯಾರಿಗೆ ನಿಜವಾಗಿ ಬೇಕೋ ಅವರಿಗೇ ಅದು ಸಿಗುವುದಿಲ್ಲ. ರಾತ್ರಿ ಮನೆಗೆ ಒಯ್ದ ಸೊಪ್ಪಿಗೆ ಆಮೇಲೆ ಉಳಿಯುವ ಆಯಸ್ಸೂ ಅಷ್ಟಕ್ಕಷ್ಟೇ. ಅದನ್ನೇ ಹಿಂದಿನ ದಿನ ಬೆಳಿಗ್ಗೆ ಸ್ವಲ್ಪ ಮಾತ್ರ ಇಳಿಸಿದ್ದರೆ ಎಷ್ಟೋ ಪಾಲು ಆಗಲೇ ಖಾಲಿಯಾಗುತ್ತಿತ್ತು. ನಿಮಗೂ ಹೆಚ್ಚು ದುಡ್ಡು ಬರುತ್ತಿತ್ತು. ಕೊನೆಯ ಗಳಿಗೆಯ ದೊಡ್ಡ ರಿಯಾಯಿತಿಗಿಂತ ಮುಂಚಿನ ಸಣ್ಣ ರಿಯಾಯಿತಿ ಎಲ್ಲರಿಗೂ ಒಳ್ಳೆಯದು. ಯಾವ ಸಾಮಾನು ಯಾವ ದಿನ ಎಷ್ಟು ಹೋಗುತ್ತದೆ ಎನ್ನುವ ಲೆಕ್ಕ ನಿಮ್ಮ ಬಿಲ್ಲಿಂಗ್ ಯಂತ್ರದಲ್ಲಿ ಪೂರಾ ಇರುತ್ತದೆ. ನಮ್ಮ ಜೇಬಿನಿಂದ ದುಡ್ಡು ತೆಗೆಸಲು ಆ ಲೆಕ್ಕವನ್ನು ಬಳಸುವ ನೀವು ಇದಕ್ಕೂ ಬಳಸಬಹುದು.

ಕೆಲಸ ಮಾಡುವವರ ಕೈ ಹೇಗೆ ಕಟ್ಟಿಹಾಕಿದ್ದೀರಿ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ತರಕಾರಿ ಜೋಡಿಸುವ ಹೊತ್ತು. ಒಬ್ಬ ಹುಡುಗ ಬಾಳೆಹಣ್ಣಿನ ಚಿಪ್ಪುಗಳನ್ನು ಸಾಲಾಗಿ ಇಡುತ್ತಿದ್ದ. ಚಿಪ್ಪಿನಿಂದ ಬಿಡಿಬಿಡಿಯಾಗಿ ಉದುರಿದ ಹಣ್ಣುಗಳನ್ನೆಲ್ಲ ಕಾಲಿನ ಬಳಿ ಇದ್ದ ಕಪ್ಪು ಕ್ರೇಟಿಗೆ ಹಾಕುತ್ತಿದ್ದ. ಹಳದಿ ಹಣ್ಣು, ಒಂದು ಚುಕ್ಕೆಯೂ ಇರಲಿಲ್ಲ. ತೊಟ್ಟು ಕೂಡ ಸರಿಯಾಗಿತ್ತು. 'ಇವನ್ನು ನಾನು ತಗೊಳ್ಳಬಹುದಾ?' ಅಂದೆ. 'ಇಲ್ಲ ಮೇಡಂ, ವೇಸ್ಟ್ ಅಂತ ಸ್ಕ್ಯಾನ್ ಮಾಡಿಬಿಟ್ಟಿದ್ದೀನಿ. ಇನ್ನು ಬಿಲ್ ಆಗಲ್ಲ' ಅಂದ. ಪೂರ್ತಿ ಬೆಲೆಯನ್ನೇ ಕೊಡುತ್ತೇನೆ ಅಂದೆ. ಅವನು ಸೂಪರ್‌ವೈಸರ್ ಕಡೆ ನೋಡಿದ. ಅವರೂ ಆಗದು ಎಂದು ತಲೆಯಾಡಿಸಿದರು. ಇಬ್ಬರಿಗೂ ಅದು ಇಷ್ಟವಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಅವರ ತಪ್ಪಲ್ಲ ಅದು. ಒಮ್ಮೆ ಕಸ ಎಂದು ಯಂತ್ರಕ್ಕೆ ಹೇಳಿದ್ದನ್ನು ಮತ್ತೆ ಆಹಾರವಾಗಿಸುವ ಗುಂಡಿ ನಿಮ್ಮ ಯಂತ್ರದಲ್ಲಿ ಇಲ್ಲ. ದುಡ್ಡು ಹಿಡಿದು ನಿಂತ ಗಿರಾಕಿಯ ಎದುರಿಗೇ ಒಳ್ಳೆಯ ಹಣ್ಣು ಕಸವಾಗುವ ವ್ಯವಸ್ಥೆಯನ್ನು ವ್ಯಾಪಾರ ಎಂದು ಹೇಗೆ ಕರೆಯುವುದು?

ಇದೇ ಸಾಲಿನಲ್ಲಿ ಪ್ಯಾಕೆಟ್ಟಿನ ಕಾಟವೂ ಸೇರುತ್ತದೆ. ಬಲೆಚೀಲದಲ್ಲಿ ಆರೆಂಟು ಕಿತ್ತಳೆ ಇರುತ್ತವೆ. ಒಂದಕ್ಕೆ ಬೂಸ್ಟು ಬಂದರೆ ಇಡೀ ಚೀಲ ಕಸಕ್ಕೆ. ಬಿಡಿಯಾಗಿ ಮಾರಿದ್ದರೆ ಹೋಗುತ್ತಿದ್ದದ್ದು ಒಂದೇ ಹಣ್ಣು. ಒಬ್ಬರೇ ಇರುವ ಮನೆಗೆ ಎರಡು ಕ್ಯಾರೆಟ್ ಸಾಕು, ಆದರೆ ನಿಮ್ಮಲ್ಲಿ ಸಿಗುವುದು ದೊಡ್ಡ ಪ್ಯಾಕೆಟ್ಟೇ.

ದಿನಾಂಕದ ಮುದ್ರೆಯೂ ಹಾಗೆಯೇ. ಮಾಂಸ, ಹಾಲಿನಂಥ ಪದಾರ್ಥಕ್ಕೆ 'ಈ ದಿನದೊಳಗೆ ಬಳಸಿ' ಎಂಬ ಎಚ್ಚರಿಕೆ ಬೇಕು, ಅದು ಸುರಕ್ಷತೆಯ ಮಾತು. 'ಈ ದಿನದ ಮೊದಲು ಉತ್ತಮ' ಎನ್ನುವುದು ಗುಣಮಟ್ಟದ ಅಂದಾಜು ಅಷ್ಟೇ. ಇಡಿ ಸೇಬಿನ ಮೇಲೆ, ಆಲೂಗಡ್ಡೆ ಚೀಲದ ಮೇಲೆ ಅದು ಯಾಕೆ? ಬ್ರಿಟನ್ನಿನ ವ್ರಾಪ್ ಎಂಬ ಸಂಸ್ಥೆ ಸೇಬು, ಬಾಳೆಹಣ್ಣು, ಬ್ರೊಕೊಲಿ, ಸೌತೆಕಾಯಿ, ಆಲೂಗಡ್ಡೆಗಳನ್ನು ಇಟ್ಟು ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತು. ಫ್ರಿಜ್ಜಿನಲ್ಲಿಟ್ಟ ಸೇಬು ಮುದ್ರೆಯ ದಿನಾಂಕ ದಾಟಿ ಎರಡೂವರೆ ತಿಂಗಳಾದರೂ ತಿನ್ನಲು ಚೆನ್ನಾಗಿತ್ತು. ಇಂಥ ಮುದ್ರೆ ತೆಗೆದು ಬಿಡಿಯಾಗಿ ಮಾರಿ ಎಂಬುದೇ ಅದರ ಸಲಹೆ. ಅದೇ ವರ್ಷ ಬ್ರಿಟನ್ನಿನ ಕೆಲವು ದೊಡ್ಡ ಅಂಗಡಿಗಳು ನೂರಾರು ಬಗೆಯ ಹಣ್ಣು ತರಕಾರಿಯಿಂದ ಆ ದಿನಾಂಕವನ್ನು ತೆಗೆದವು. ಹಣ್ಣು ಕೆಟ್ಟಿದೆಯೋ ಇಲ್ಲವೋ ನೋಡಿ, ಮುಟ್ಟಿ, ಮೂಸಿ ತಿಳಿಯುವುದು ನಮಗೆ ಬರುತ್ತದೆ. ಆ ಕೆಲಸವನ್ನು ನಮಗೆ ಬಿಡಿ.

ಒಂದು ಅಂಕಿ ನಿಮ್ಮ ಸಮರ್ಥನೆಗೆ ಸಿಗುತ್ತದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಮನೆಗಳ ಪಾಲು 60 ಶೇಕಡಾ, ಹೋಟೆಲು ಕ್ಯಾಂಟೀನುಗಳದ್ದು 28, ಅಂಗಡಿಗಳದ್ದು 12. 'ನೋಡಿ, ಜಾಸ್ತಿ ವ್ಯರ್ಥ ಮಾಡುವವರು ನೀವೇ' ಎಂದು ನೀವು ಹೇಳಬಹುದು. ಆದರೆ ಆ 12 ಶೇಕಡಾ ಅಂದರೆ 13 ಕೋಟಿ ಟನ್. ಹೊಲದಲ್ಲೇ ಉಳಿದದ್ದು ಅದರಲ್ಲಿ ಸೇರಿಲ್ಲ. ಮನೆಯಲ್ಲಿ ಆಗುವ ವ್ಯರ್ಥದಲ್ಲೂ ಅಂಗಡಿಯ ಕೈವಾಡ ಇದೆ. 'ಎರಡು ಕೊಂಡರೆ ಒಂದು ಉಚಿತ' ಎಂದು ಬೇಗ ಕೆಡುವ ಹಣ್ಣಿನ ಮೇಲೆ ಬರೆದರೆ, ನಿಮ್ಮ ಹಿತ್ತಿಲಿನ ತೊಟ್ಟಿಗೆ ಹೋಗಬೇಕಾದದ್ದು ನಮ್ಮ ಮನೆಯ ತೊಟ್ಟಿಗೆ ಹೋಗುತ್ತದೆ ಅಷ್ಟೇ. ಆ ಮೂರನೆಯ ಹಣ್ಣಿನ ಬದಲು ಒಂದು ಹಣ್ಣಿನ ಮೇಲೇ ಬೆಲೆ ಇಳಿಸಿ. ಬೇಕಾದಷ್ಟೇ ಕೊಳ್ಳುವವರಿಗೂ ಲಾಭ ಸಿಗಲಿ.

ಅದೇ 2022ರಲ್ಲಿ 78 ಕೋಟಿ ಜನ ಹಸಿವಿನಿಂದ ನರಳುತ್ತಿದ್ದರು ಎಂದು ಅದೇ ವರದಿ ಹೇಳುತ್ತದೆ. ನೆಲಭರ್ತಿ ಕಸದ ರಾಶಿಯಲ್ಲಿ ಗಾಳಿಯಾಡದೆ ಕೊಳೆಯುವ ಆಹಾರದಿಂದ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಹೊರಡುತ್ತದೆ. ಆಹಾರದ ನಷ್ಟ ಮತ್ತು ವ್ಯರ್ಥದಿಂದಲೇ ಜಗತ್ತಿನ ಹಸಿರುಮನೆ ಅನಿಲದ 8ರಿಂದ 10 ಶೇಕಡಾ ಬರುತ್ತದೆ. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.3 ಎಂಬುದು ಒಂದು. 2030ರೊಳಗೆ ಅಂಗಡಿ ಮತ್ತು ಮನೆಗಳ ಮಟ್ಟದ ಆಹಾರ ವ್ಯರ್ಥವನ್ನು ತಲಾ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸಬೇಕು ಎಂದು. ಪ್ರತಿ ಸೆಪ್ಟೆಂಬರ್ 29ರಂದು ಇದರ ಜಾಗೃತಿ ದಿನ ಆಚರಿಸುತ್ತಾರೆ. ಆ ದಿನ ಪೋಸ್ಟರ್ ಹಚ್ಚುವ ಅಂಗಡಿಗಳನ್ನು ನೋಡಿದ್ದೇನೆ. ಪೋಸ್ಟರ್ ಹಚ್ಚಿದ ಗೋಡೆಯ ಹಿಂದೆಯೇ ಬೀಗ ಹಾಕಿದ ತೊಟ್ಟಿ ಇರುತ್ತದೆ.

ಬೀಗದ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಮಾರಾಟವಾಗದೆ ಉಳಿದದ್ದನ್ನು ಯಾರೂ ತೆಗೆದುಕೊಳ್ಳದಿರಲಿ ಎಂದು ಅದರ ಮೇಲೆ ರಾಸಾಯನಿಕ ಸುರಿಯುವ ಕೆಟ್ಟ ಚಾಳಿ ಕೆಲವು ಕಡೆ ಇತ್ತು. ಫ್ರಾನ್ಸ್ 2016ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. 400 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ತಿನ್ನಲು ಯೋಗ್ಯವಾದ ಉಳಿಕೆಯನ್ನು ದಾನ ಮಾಡಲು ಸೇವಾ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು ಎಂದಿತು. ಒಳ್ಳೆಯ ಕಾನೂನು. ಆದರೆ ದಾನವನ್ನು ನಿಮ್ಮ ಮೊದಲ ಉಪಾಯ ಮಾಡಿಕೊಳ್ಳಬೇಡಿ. ಕೊಳ್ಳಲು ಜನ ಇದ್ದಾರೆ, ಮೊದಲು ಅವರಿಗೆ ಮಾರಿ. ಮಿಕ್ಕಿದ್ದು ಇನ್ನೂ ಚೆನ್ನಾಗಿರುವಾಗಲೇ ಹಸಿದವರಿಗೆ ಹೋಗಲಿ. ಆಮೇಲೂ ಉಳಿದರೆ ಜಾನುವಾರಿಗೆ, ಗೊಬ್ಬರಕ್ಕೆ. ಕೊಳೆಯುವ ತನಕ ಕಾದು ಬಡವರಿಗೆ ಕೊಡುವುದು ದಾನ ಅನ್ನಿಸಿಕೊಳ್ಳುವುದಿಲ್ಲ.

ಹೀಗಾಗಿ ನನ್ನ ಮೊದಲ ಬೇಡಿಕೆ ಆ ಬುಟ್ಟಿಯನ್ನು ಒಡೆಯಿರಿ ಎನ್ನುವುದು. ಆಕಾರ ಸರಿಯಿಲ್ಲದ ಒಳ್ಳೆಯ ತರಕಾರಿಗೆ ಅಂಗಡಿಯ ಮುಂಭಾಗದಲ್ಲಿ, ಉಳಿದ ತರಕಾರಿಯ ಪಕ್ಕದಲ್ಲೇ, ವರ್ಷಪೂರ್ತಿ ಒಂದು ಸಾಲು ಕೊಡಿ. ನೋಟ ಮಾತ್ರ ಸರಿಯಿಲ್ಲ ಎಂದು ಬೋರ್ಡಿನಲ್ಲಿ ಬರೆಯಿರಿ, ಯಾಕೆ ಹಾಗಾಯಿತು ಎನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಬೇಗ ಬಳಸಬೇಕಾದದ್ದಕ್ಕೆ ಬೇರೆ ಜಾಗ, ಬೇರೆ ಬಣ್ಣದ ಚೀಟಿ ಇರಲಿ, ಆ ಚೀಟಿ ಹಿಂದಿನ ದಿನ ಬೆಳಿಗ್ಗೆಯೇ ಬೀಳಲಿ. ಬೂಸ್ಟು ಬಂದದ್ದು ಎರಡರಲ್ಲೂ ಇರಕೂಡದು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ. ದಿನಕ್ಕೆ ಎರಡು ಸಲ ಕಣ್ಣಾಡಿಸುವ ಒಬ್ಬರು ಸಾಕು. ಆ ಒಬ್ಬರಿಗೆ ಬೆಲೆ ಇಳಿಸುವ ಅಧಿಕಾರ ಕೊಡಿ. ಪ್ರತಿ ಸಲ ಮೇಲಿನವರ ಅನುಮತಿಗೆ ಕಾಯುವಷ್ಟರಲ್ಲಿ ಸೊಪ್ಪು ಬಾಡುತ್ತದೆ.

ಖರೀದಿ ವಿಭಾಗದವರಿಗೆ ಒಂದು ಮಾತು. ರೈತರಿಗೆ ಕೊಡುವ ಪಟ್ಟಿಯಿಂದ ರುಚಿಗೂ ಸುರಕ್ಷತೆಗೂ ಸಂಬಂಧವಿಲ್ಲದ ಷರತ್ತುಗಳನ್ನು ತೆಗೆಯಿರಿ. ಬರ, ಆಲಿಕಲ್ಲು, ಅಕಾಲ ಮಳೆ ಬಂದ ವರ್ಷ ನೀವೇ ಷರತ್ತು ಸಡಿಲಿಸಿ ಸಣ್ಣದು, ಸೊಟ್ಟದ್ದು ಎಲ್ಲ ಕೊಳ್ಳುತ್ತೀರಿ. ಆಗ ಗ್ರಾಹಕರು ಅಂಗಡಿ ಬಿಟ್ಟು ಓಡಿಹೋಗುವುದಿಲ್ಲ. ಕೊರತೆಯ ವರ್ಷ ನಡೆಯುವುದು ಸುಗ್ಗಿಯ ವರ್ಷ ಯಾಕೆ ನಡೆಯಬಾರದು?

ಎಲ್ಲಕ್ಕಿಂತ ಮುಖ್ಯವಾಗಿ ಲೆಕ್ಕ ಕೊಡಿ. ನಿಮ್ಮ ಪ್ರತಿ ಅಂಗಡಿಯಲ್ಲಿ ತಿಂಗಳಿಗೆ ಎಷ್ಟು ಕಿಲೋ ಹಣ್ಣು ತರಕಾರಿ ಮಾರಾಟವಾಗದೆ ಹೋಗುತ್ತದೆ, ಅದರಲ್ಲಿ ಎಷ್ಟು ರಿಯಾಯಿತಿಗೆ, ಎಷ್ಟು ದಾನಕ್ಕೆ, ಎಷ್ಟು ಗೊಬ್ಬರಕ್ಕೆ, ಎಷ್ಟು ಕಸಕ್ಕೆ? ನೋಟ ಸರಿಯಿಲ್ಲವೆಂದು ಬಾಗಿಲಲ್ಲೇ ಎಷ್ಟು ಲಾರಿ ಮಾಲು ಹಿಂದೆ ಕಳುಹಿಸಿದಿರಿ? ಗ್ರಾಹಕರು ಓದಬಹುದಾದ ಕಡೆ ಅದನ್ನು ಬರೆದು ಹಾಕಿ.

ನನ್ನ ಹಾಗೆ ಕೊಳ್ಳುವವರಿಗೂ ಎರಡು ಮಾತು ಹೇಳಬೇಕು, ಈ ಪತ್ರವನ್ನು ಅವರೂ ಓದುತ್ತಾರೆ. ಅಗ್ಗ ಎಂದು ಮೂಟೆ ಕಟ್ಟಿಕೊಂಡು ಹೋಗಬೇಡಿ. ಇವತ್ತು ನಾಳೆ ಬೇಯಿಸಿ ಮುಗಿಸುವಷ್ಟನ್ನೇ ತನ್ನಿ. ಚೆನ್ನಾಗಿ ಹಣ್ಣಾದ ಬಾಳೆ, ಸೇಬುಗಳನ್ನು ಸೊಪ್ಪಿನ ಜೊತೆ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ರಾಶಿಯನ್ನು ಅಡಿಮೇಲು ಮಾಡಿ ಪ್ರತಿ ಟೊಮೆಟೊವನ್ನೂ ಹಿಚುಕಿ ನೋಡಬೇಡಿ, ನೀವು ಹಿಚುಕಿ ಬಿಟ್ಟದ್ದು ಸಂಜೆಗೆ ಮೆತ್ತಗಾಗಿ ಕಸ ಸೇರುತ್ತದೆ. ಜಪಾನಿನಲ್ಲಿ 'ತೆಮಾಏದೋರಿ' ಎಂಬ ಅಭಿಯಾನ ಇದೆ. ಇವತ್ತೇ ತಿನ್ನುವುದಾದರೆ ಕಪಾಟಿನ ಮುಂದಿರುವ, ದಿನ ಹತ್ತಿರ ಬಂದ ವಸ್ತುವನ್ನೇ ಎತ್ತಿಕೊಳ್ಳಿ, ಹಿಂದೆ ಕೈ ಹಾಕಿ ಹೊಸದನ್ನು ಎಳೆಯಬೇಡಿ ಎಂದು ಅಲ್ಲಿನ ಅಂಗಡಿಗಳಲ್ಲಿ ಚೀಟಿ ಹಚ್ಚುತ್ತಾರೆ. ನಾವು ಯಾರ ಚೀಟಿಗೂ ಕಾಯಬೇಕಿಲ್ಲ. ಅಂಗಡಿಯಲ್ಲಿ ಸೊಟ್ಟ ತರಕಾರಿ ಕಾಣದಿದ್ದರೆ ಸುಮ್ನೆ ಬರಬೇಡಿ, ಎಲ್ಲಿದೆ ಎಂದು ಕೇಳಿ. ಹತ್ತು ಜನ ಕೇಳಿದ್ದು ಮ್ಯಾನೇಜರ್ ಕಿವಿಗೆ ಬಿದ್ದೇ ಬೀಳುತ್ತದೆ.

ಮಾನ್ಯರೇ, ನಾವು ಕೊಳ್ಳಲು ತಯಾರಿದ್ದೇವೆ. ಇದು ಬಾಯಿಮಾತಲ್ಲ, ದುಡ್ಡು ಕೊಟ್ಟು ಹೇಳುತ್ತಿರುವ ಮಾತು. ಮುಂದಿನ ಸೆಪ್ಟೆಂಬರ್ 29ರೊಳಗೆ ಮೇಲೆ ಕೇಳಿದ ಲೆಕ್ಕವನ್ನು ಪ್ರಕಟಿಸುತ್ತೀರಾ, ಪ್ರತ್ಯೇಕ ಸಾಲನ್ನು ಯಾವ ಅಂಗಡಿಯಿಂದ ಶುರು ಮಾಡುತ್ತೀರಿ ಎನ್ನುವ ಎರಡು ಪ್ರಶ್ನೆಗೆ ಬಹಿರಂಗವಾಗಿಯೇ ಉತ್ತರ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ